ಒಗೆಯೋಕೆ ಹೋದ ಬಟ್ಟೆ

ಆ ಆಸ್ಪತ್ರೆಯಲ್ಲಿ ಏನೇ ಕಳೆದುಹೋದರೂ ಅದು ಒಗೆಯೋಕೆ ಹೋಗಿರುತ್ತಿತ್ತು. ಕತ್ತರಿ ಸಿಗಲಿಲ್ಲವೇ, ಒಗೆಯೋಕೆ ಹೋಗಿದೆ ನೋಡಿ. ಡಾಕ್ಟರ ಕನ್ನಡಕ ಕಾಣಲಿಲ್ಲವೇ, ಕೋಟಿನ ಜೇಬಲ್ಲೇ ಕೆಳಗೆ ಹೋಗಿರಬೇಕು. ಒಮ್ಮೆ ಯಾರದೋ ಎಕ್ಸ್‌ರೇ ಕಾಣೆಯಾದಾಗ ಮೂರನೇ ಮಹಡಿಯಿಂದ ಒಬ್ಬ ನರ್ಸು ನೆಲಮಾಳಿಗೆಯವರೆಗೆ ಇಳಿದು ಬಂದು, ತಿರುಗುತ್ತಿದ್ದ ಮಷೀನು ನಿಲ್ಲಿಸಿ, ಬಾಗಿಲು ತೆಗೆಸಿ ಒಳಗೆ ಇಣುಕಿದ್ದಳು. ಎಕ್ಸ್‌ರೇ ಅಲ್ಲಿರಲಿಲ್ಲ. ಇರಲಿಲ್ಲ ಅನ್ನೋದಕ್ಕೂ ಲಾಂಡ್ರಿಯವನೇ ವಿವರಣೆ ಬರೆದುಕೊಟ್ಟ.

ಲಾಂಡ್ರಿಯವನನ್ನು ಇಡೀ ಆಸ್ಪತ್ರೆ ಇಸ್ತ್ರಿ ಎಂದು ಕರೆಯುತ್ತಿತ್ತು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಇಪ್ಪತ್ತಾರು ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಆ ಸಿಟ್ಟನ್ನೆಲ್ಲ ಹಾಸಿಗೆ ಬಟ್ಟೆಗಳ ಮೇಲೆ ಒತ್ತಿ ಒತ್ತಿ ತೀರಿಸುತ್ತಿದ್ದ. ಅದಕ್ಕೇ ಆ ಆಸ್ಪತ್ರೆಯ ಚಾದರಗಳಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಅವನದ್ದೆಂದು ಇದ್ದದ್ದು ಎರಡು ಒಗೆಯುವ ಮಷೀನು, ಗೊಣಗುವ ಒಂದು ಡ್ರೈಯರು, ಉದ್ದನೆಯ ಟೇಬಲ್ಲು, ತಲೆಯ ಮೇಲೆ ಸದಾ ತೊಟ್ಟಿಕ್ಕುವ ಪೈಪು.

ಮೇಲಿನ ಮಹಡಿಗಳಲ್ಲಿ ಆದ ತಪ್ಪು ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ಆ ಟೇಬಲ್ಲಿನ ಮೇಲೆ ಬಂದು ಬೀಳುತ್ತಿತ್ತು. ಅದಕ್ಕಿಂತ ಕೆಳಗೆ ಬೇರೆ ಮಹಡಿ ಇರಲಿಲ್ಲ. ಡಾಕ್ಟರು ಮೇಟ್ರನ್ನಿಗೆ ಹೇಳುತ್ತಿದ್ದರು, ಮೇಟ್ರನ್ ಗುಮಾಸ್ತನಿಗೆ ಹೇಳುತ್ತಿದ್ದಳು, ಗುಮಾಸ್ತ ಒಂದು ಮೆಮೊ ಟೈಪು ಮಾಡಿ, ತಾರೀಕು ಹಾಕಿ, ಗಂಟೆ ನಿಮಿಷವನ್ನೂ ಹಾಕಿ ಹಿಡಿದುಕೊಂಡು ಬರುತ್ತಿದ್ದ. ಗಂಟೆ ನಿಮಿಷ ಹಾಕದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. 'ಇಪ್ಪತ್ತನಾಲ್ಕು ಗಂಟೆಯೊಳಗೆ ವಿವರಣೆ ಕೊಡತಕ್ಕದ್ದು' ಅಂತ ಕೊನೆಯ ಸಾಲು. ವಿವರಣೆ ಅಂದರೆ ಕ್ಷಮಾಪಣೆ ಅಂತ ಇಸ್ತ್ರಿಗೆ ಮೊದಲನೇ ವರ್ಷವೇ ಅರ್ಥವಾಗಿತ್ತು. ನಿಜ ಬರೆದರೆ ಎರಡನೇ ಮೆಮೊ ಬರುತ್ತಿತ್ತು, ತಪ್ಪೊಪ್ಪಿಕೊಂಡರೆ ಒಂದಕ್ಕೇ ಮುಗಿಯುತ್ತಿತ್ತು.

ಹೀಗೆ ಬರೆದೂ ಬರೆದೂ ಅವನ ಕೈ ಪಳಗಿತು. ಆಂಬುಲೆನ್ಸ್ ಡ್ರೈವರು, ಅಡುಗೆಮನೆಯವನು, ಬಾಗಿಲು ಕಾಯುವವನು ಎಲ್ಲರೂ ತಮ್ಮ ತಮ್ಮ ಮೆಮೊ ಹಿಡಿದು ಅವನ ಹತ್ತಿರವೇ ಬರತೊಡಗಿದರು. "ಇಸ್ತ್ರಿ, ಸ್ವಲ್ಪ ಅಳೋ ಹಾಗೆ ಬರಿಯಪ್ಪ" ಅನ್ನುತ್ತಿದ್ದರು. ಅವನು ಅಳುವ ಹಾಗೆ ಬರೆಯುತ್ತಿದ್ದ. ಬರೆದು ಕೊಟ್ಟ ಮೇಲೆ ಹಲ್ಲು ಕಡಿಯುತ್ತಾ ಇಸ್ತ್ರಿಪೆಟ್ಟಿಗೆ ಎತ್ತಿಕೊಳ್ಳುತ್ತಿದ್ದ.

ಮೂರನೇ ಮೆಮೊ ಬಂದ ಮೇಲೆ ಅವನು ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ. ಆಪರೇಷನ್ ಥಿಯೇಟರಿನಿಂದ ಬರುವ ಬಟ್ಟೆಗಳಲ್ಲಿ ಮಾಪು ಅಂತ ಒಂದಿರುತ್ತದೆ. ಎರಡು ಅಂಗೈ ಅಗಲದ, ಪದರ ಪದರವಾಗಿ ಹೊಲಿದ ಹತ್ತಿಬಟ್ಟೆ; ಹೊಟ್ಟೆ ಕೊಯ್ದಾಗ ರಕ್ತ ಹೀರೋಕೆ ಒಳಗೆ ಒತ್ತುತ್ತಾರೆ. ಆ ಆಸ್ಪತ್ರೆಯಲ್ಲಿ ಅದನ್ನು ಎಸೆಯುತ್ತಿರಲಿಲ್ಲ, ಒಗೆದು, ಹಬೆಯಲ್ಲಿ ಬೇಯಿಸಿ ಮತ್ತೆ ಬಳಸುತ್ತಿದ್ದರು. ಕಳೆದುಹೋಗುತ್ತಿದ್ದದ್ದೂ ಅದೇ ಹೆಚ್ಚು. ಇಸ್ತ್ರಿ ಪ್ರತಿಯೊಂದು ಮಾಪಿನ ಮೂಲೆಯಲ್ಲೂ ಕೆಂಪು ದಾರದಿಂದ ಗುಣಾಕಾರದ ಗುರುತಿನ ಹಾಗೆ ಒಂದು ಕತ್ತರಿಗೆರೆ ಹೊಲಿದು, ಹಿಂದೆ ಗಂಟು ಹಾಕಿದ. ತನ್ನ ಕೈ ದಾಟಿ ಹೋದದ್ದು ಯಾವುದು, ಬಂದದ್ದು ಯಾವುದು ಅಂತ ತನಗಾದರೂ ಗೊತ್ತಿರಲಿ ಅಂತ. ನಾಲ್ಕು ವರ್ಷ ಆ ಕೆಂಪು ದಾರ ಡಾಕ್ಟರರ ಕೈಯಲ್ಲಿ, ನರ್ಸುಗಳ ಕೈಯಲ್ಲಿ ಓಡಾಡಿತು. ಒಬ್ಬರೂ ನೋಡಲಿಲ್ಲ. ಬಟ್ಟೆಯ ಮೂಲೆ ನೋಡುವ ಅಭ್ಯಾಸ ಅವರಿಗಿರಲಿಲ್ಲ.

ಇಂಥ ಆಸ್ಪತ್ರೆಗೆ ಅವನು ತನ್ನ ಅಕ್ಕನನ್ನು ತಾನೇ ಕೈಹಿಡಿದು ಕರೆತಂದ.

ಅಕ್ಕ ಅವನನ್ನು ಸಾಕಿದವಳು. ಕೋರ್ಟಿನ ಎದುರು ಅವಳದ್ದೊಂದು ಜೆರಾಕ್ಸ್ ಅಂಗಡಿ. ಒಂದು ಮಷೀನು, ಒಂದು ಸ್ಟೂಲು, ಗೋಡೆಗೆ ಗಡಿಯಾರ. ಇಪ್ಪತ್ತು ವರ್ಷ ಜನರ ಜಗಳಗಳನ್ನು ನಾಲ್ಕು ನಾಲ್ಕು ಪ್ರತಿ ಮಾಡಿ ಕೊಟ್ಟು ಅವಳಿಗೆ ಒಂದು ಮಾತು ಗಟ್ಟಿಯಾಗಿತ್ತು: ಕೈಗೆ ಬಂದ ಕಾಗದ ಬಿಡಬೇಡ, ಕೊಟ್ಟವರೇ ನಾಳೆ ಕೊಟ್ಟಿಲ್ಲ ಅಂತಾರೆ. ತಮ್ಮನಿಗೆ ಅದನ್ನು ಅನ್ನದ ಜೊತೆ ಕಲಸಿ ತಿನ್ನಿಸಿದ್ದಳು. ಅದಕ್ಕೇ ಇಸ್ತ್ರಿ ತನಗೆ ಬಂದ ಮೆಮೊಗಳನ್ನೆಲ್ಲ ಚೆನ್ನಾಗಿ ಇಸ್ತ್ರಿ ಮಾಡಿ ಟೇಬಲ್ಲಿನ ಕಂಬಳಿಯ ಕೆಳಗೆ ಇಟ್ಟುಕೊಂಡಿದ್ದ.

ಅಕ್ಕನ ಗರ್ಭಕೋಶ ತೆಗೆಯಬೇಕು ಅಂದಾಗ, ನಮ್ಮ ಆಸ್ಪತ್ರೆಯಲ್ಲೇ ಮಾಡಿಸೋಣ, ನೌಕರರ ಮನೆಯವರಿಗೆ ರಿಯಾಯಿತಿ ಇದೆ, ದೊಡ್ಡ ಡಾಕ್ಟರೇ ಮಾಡ್ತಾರೆ ಅಂತ ಅವನೇ ಹಟ ಹಿಡಿದ. 'ನಮ್ಮ' ಅನ್ನುವಾಗ ಎದೆ ಸ್ವಲ್ಪ ಉಬ್ಬಿತ್ತು. ದೊಡ್ಡ ಡಾಕ್ಟರೇ ಮಾಡಿದರು. ಐದು ದಿನಕ್ಕೆ ಅಕ್ಕ ಮನೆಗೆ ಬಂದಳು. ಎರಡನೇ ವಾರಕ್ಕೆ ನೋವು ಶುರುವಾಯಿತು.

ಮೊದಲ ಸಲ ಹೋದಾಗ ಗ್ಯಾಸು ಅಂದರು. ಎರಡನೇ ಸಲ ವಯಸ್ಸು ಅಂದರು, ಅವಳಿಗೆ ನಲವತ್ತನಾಲ್ಕು. ಮೂರನೇ ಸಲ ದೊಡ್ಡ ಡಾಕ್ಟರು ಕುರ್ಚಿಗೆ ಒರಗಿ, ಎಲ್ಲಾ ಮನಸ್ಸಿನಲ್ಲಿದೆಯಮ್ಮಾ, ಹೊಟ್ಟೆಯಲ್ಲಿ ಏನೂ ಇಲ್ಲ ಅಂದರು. ಏಳು ತಿಂಗಳು ಅವಳು ಒಂದು ಕೈಯಲ್ಲಿ ಹೊಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಜೆರಾಕ್ಸ್ ತೆಗೆದಳು. ಕೊನೆಗೆ ಒಂದು ಬೆಳಿಗ್ಗೆ ತಮ್ಮನಿಗೂ ಹೇಳದೆ ಅಂಗಡಿಗೆ ಬೀಗ ಹಾಕಿ ಸರ್ಕಾರಿ ಆಸ್ಪತ್ರೆಗೆ ಹೋದಳು. ಅಲ್ಲಿ ಸ್ಕ್ಯಾನು ಮಾಡಿದ ಹುಡುಗಿ ಡಾಕ್ಟರು ಪರದೆಯನ್ನು ನೋಡಿ ಇನ್ನಿಬ್ಬರನ್ನು ಕರೆದಳಂತೆ.

ಸುದ್ದಿ ತಿಳಿದು ಇಸ್ತ್ರಿ ಓಡಿಹೋಗುವಷ್ಟರಲ್ಲಿ ಆಪರೇಷನ್ ಮುಗಿದು ಎರಡು ದಿನವಾಗಿತ್ತು. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹುಡುಗಿ ಡಾಕ್ಟರು ಒಂದು ಗಾಜಿನ ಡಬ್ಬಿ ತಂದು ತೋರಿಸಿದಳು. ಹಳದಿಗಟ್ಟಿದ, ಮುದುಡಿದ ಬಟ್ಟೆ. ಮೂಲೆಯಲ್ಲಿ ಬಣ್ಣಗೆಟ್ಟ ಕೆಂಪು ದಾರ, ಕತ್ತರಿಗೆರೆ.

ಅವನು ಮಂಚದ ತುದಿಯಲ್ಲಿ ಕೂತ.

"ಏನೋ ಹಾಗೆ ನೋಡ್ತೀಯ? ಗುರುತಿನವರಾ?" ಅಂದಳು ಅಕ್ಕ. ಹೊಲಿಗೆ ಹಾಕಿದ ಹೊಟ್ಟೆಯಲ್ಲೂ ಅವಳ ನಾಲಿಗೆ ಮೊದಲಿನ ಹಾಗೇ ಇತ್ತು.

"ನನ್ನ ಬಟ್ಟೆ ಅಕ್ಕಾ. ನಾನೇ ಹೊಲಿದಿದ್ದು."

ಕೆಂಪು ದಾರದ ಕಥೆ ಹೇಳಿದ. ಅರ್ಧ ಹೇಳಿದ. ಉಳಿದರ್ಧ ನುಂಗಿಕೊಂಡ.

ಉಳಿದರ್ಧ ಇಷ್ಟು. ಅಕ್ಕನ ಮೊದಲ ಆಪರೇಷನ್ ಆದ ದಿನವೇ ಮಧ್ಯಾಹ್ನ ಮೂರಕ್ಕೆ ಗುಮಾಸ್ತ ಹದಿಮೂರನೇ ಮೆಮೊ ತಂದಿದ್ದ: ಎರಡನೇ ಥಿಯೇಟರಿನ ಎಣಿಕೆಯಲ್ಲಿ ಮಾಪು ಒಂದು ಕಡಿಮೆ, ಲಾಂಡ್ರಿಯವನು ವಿವರಣೆ ಕೊಡತಕ್ಕದ್ದು. ಅವನು ಅಕ್ಕನಿಗೆ ಪೂರ್ತಿ ಎಚ್ಚರವಾಗಲಿ ಅಂತ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದ. ಆ ದಿನ ಎರಡು ಥಿಯೇಟರಿನಲ್ಲಿ ಆರು ಆಪರೇಷನ್ ಆಗಿದ್ದವು. ಆದರೂ ಅನುಮಾನ ಬಂದು ಮೇಟ್ರನ್ನನ್ನು, ಮೇಲೇ ಎಲ್ಲಾದರೂ ಉಳಿದಿರಬಹುದಾ ಮೇಡಂ ಅಂತ ಕೇಳಿದ್ದ. ಅವಳು ಕನ್ನಡಕದ ಮೇಲಿನಿಂದ ನೋಡಿ, "ಮೇಲೆ ಏನೂ ಉಳಿಯೋದಿಲ್ಲಪ್ಪ. ಉಳಿಯೋದೆಲ್ಲ ಕೆಳಗೇ" ಅಂದಿದ್ದಳು. ಅಕ್ಕ ಇನ್ನೂ ಒಳಗೆ ಅವರ ಕೈಯಲ್ಲಿದ್ದಳು. ಅವನು ಮೆಮೊ ಓದಲೂ ಇಲ್ಲ ಸರಿಯಾಗಿ. ಉತ್ತರ ಎಷ್ಟು ಸಾಲು ಬೇಕು ಅಂತ ಮಾತ್ರ ನೋಡಿ, ಮೊಣಕಾಲಿನ ಮೇಲೆ ಹಾಳೆ ಇಟ್ಟು ಬರೆದುಕೊಟ್ಟ: 'ಮಾಪು ಒಗೆಯುವಾಗ ನನ್ನ ಅಜಾಗರೂಕತೆಯಿಂದ ಹರಿದುಹೋಯಿತು, ಎಸೆದುಬಿಟ್ಟೆ. ತಾವು ದೊಡ್ಡವರು, ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.'

ಅಕ್ಕನ ಅಂಗಡಿಗೆ ದಿನಾ ಬರುವ ಒಬ್ಬ ವಕೀಲರಿದ್ದರು. ಸ್ವಂತ ಸ್ಟೇಪ್ಲರ್ ಇಲ್ಲದ್ದರಿಂದ ಅವರಿಗೆ ಸ್ಟೇಪ್ಲರ್ ವಕೀಲರು ಅಂತಲೇ ಹೆಸರು. ಅಕ್ಕ ಎದ್ದು ಓಡಾಡುವಂತಾದ ಮೇಲೆ ಅವರು ಸ್ಟೂಲಿನ ಮೇಲೆ ಕೂತು ಇರುವ ದಾರಿಗಳನ್ನೆಲ್ಲ ಬಿಡಿಸಿ ಹೇಳಿದರು. ಪೊಲೀಸರ ಹತ್ತಿರ ಹೋಗಬಹುದು. ಅವರು, ಇದು ಡಾಕ್ಟರ ತಪ್ಪು ಹೌದೋ ಅಲ್ಲವೋ ಹೇಳಿ ಅಂತ ಡಾಕ್ಟರುಗಳ ಸಮಿತಿಗೆ ಬರೆಯುತ್ತಾರೆ. ವೈದ್ಯರ ಪರಿಷತ್ತಿಗೆ ಹೋಗಬಹುದು. ಅಲ್ಲಿ ಕೂತವರೂ ಡಾಕ್ಟರುಗಳೇ, ಅವರಲ್ಲಿ ಒಬ್ಬರು ಈ ದೊಡ್ಡ ಡಾಕ್ಟರ ಬೀಗರು. ಸಿವಿಲ್ ಕೋರ್ಟಿಗೆ ಹೋದರೆ ನ್ಯಾಯ ಸಿಗುವುದು ಖಂಡಿತ, ಇಸಕೊಳ್ಳೋಕೆ ನೀವಿರಬೇಕು ಅಷ್ಟೆ. ಉಳಿದದ್ದು ಗ್ರಾಹಕರ ಆಯೋಗ. ತಪ್ಪು ಗೊತ್ತಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು, ನೀವಿನ್ನೂ ಒಳಗೇ ಇದ್ದೀರಿ. ಸಾಮಾನ್ಯವಾಗಿ ಇಂಥ ಕೇಸಿಗೆ ಇನ್ನೊಬ್ಬ ಡಾಕ್ಟರು ಬಂದು ಇವರದು ತಪ್ಪು ಅನ್ನಬೇಕು, ಯಾರೂ ಬರೋದಿಲ್ಲ. ಆದರೆ ಹೊಟ್ಟೆಯಲ್ಲಿ ಬಟ್ಟೆ ಸಿಕ್ಕರೆ ಅದಕ್ಕೆ ಪಂಡಿತರು ಬೇಡ, ಬಟ್ಟೆಯೇ ಮಾತಾಡುತ್ತದೆ. ಡಬ್ಬಿಗೆ ಸೀಲು ಹಾಕಿಸಿ, ಆ ಹುಡುಗಿ ಡಾಕ್ಟರ ಸಹಿ ತಗೊಳ್ಳಿ. ಹಳೆ ಆಸ್ಪತ್ರೆಯ ಫೈಲನ್ನು ಬರವಣಿಗೆಯಲ್ಲಿ ಕೇಳಿ, ಕೇಳಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.

ನಿಮಗೆ ಏನು ಬೇಕು ಅಂತ ಅರ್ಜಿಯಲ್ಲಿ ಬರೀಬೇಕು, ಏನು ಬರೀಲಿ ಅಂತ ಕೇಳಿದರು.

"ಆ ಡಾಕ್ಟರು ತಮ್ಮ ಕೈಯಾರೆ ಬರೆದುಕೊಡಬೇಕು, ತಪ್ಪಾಯ್ತು ಅಂತ. ಮನಸ್ಸಿನಲ್ಲಿದೆ ಅಂದ್ರಲ್ಲ, ಅದಕ್ಕೂ ಸೇರಿಸಿ," ಅಂದಳು ಅಕ್ಕ.

ವಕೀಲರು ಅಂಗಡಿಯ ಸ್ಟೇಪ್ಲರನ್ನು ಎರಡು ಸಲ ಸುಮ್ಮನೆ ಒತ್ತಿದರು. ಪರಿಹಾರ ಕೇಳಬಹುದು, ಖರ್ಚು ಕೇಳಬಹುದು, ಕ್ಷಮೆ ಕೇಳೋಕೆ ಫಾರಮ್ಮಿನಲ್ಲಿ ಜಾಗವೇ ಇಲ್ಲ ಅಂದರು. ಹಾಗಾದರೆ ಕೆಳಗೆ ಖಾಲಿ ಬಿಟ್ಟಿರ್ತಾರಲ್ಲ, ಅಲ್ಲಿ ಬರೀರಿ ಅಂದಳು ಅವಳು.

ಫೈಲಿಗಾಗಿ ಇಸ್ತ್ರಿಯೇ ಮೂರು ಸಲ ಅರ್ಜಿ ಕೊಟ್ಟ. ಮೊದಲ ಸಲ ದಾಖಲೆ ಕೊಠಡಿಯವಳು ಕಪಾಟು ನೋಡಿ, ಕೆಳಗೆ ಹೋಗಿರಬೇಕು ನೋಡಿ ಅಂದಳು. ಕೆಳಗಿನವನು ನಾನೇ ಅಂದ. ಹೌದಲ್ಲ ಅಂತ ನಕ್ಕಳು. ಮೂರನೇ ಸಲಕ್ಕೆ ಫೈಲು ಬಂತು. ಅದರಲ್ಲಿ ಹನ್ನೊಂದೂ ಐವತ್ತಕ್ಕೆ ಹೊಟ್ಟೆ ಮುಚ್ಚಲಾಯಿತು, ಎಣಿಕೆ ಸರಿಯಿದೆ ಅಂತ ಬರೆದು ಒಂದು ಮುದ್ದಾದ ರೈಟ್ ಮಾರ್ಕು ಹಾಕಿತ್ತು.

ದೂರು ದಾಖಲಾಯಿತು. ಎರಡು ತಿಂಗಳಿಗೆ ಆಸ್ಪತ್ರೆಯ ಉತ್ತರವೂ ಬಂತು. ಸ್ಟೇಪ್ಲರ್ ವಕೀಲರು ಆ ಕಟ್ಟನ್ನು ತಂದು ಅಕ್ಕನ ಕೈಗೇ ಕೊಟ್ಟು, ನಾಲ್ಕು ಕಾಪಿ ಬೇಕು ಅಂದರು. ಅವತ್ತು ರಜೆ, ಇಸ್ತ್ರಿ ಅಂಗಡಿಯಲ್ಲೇ ಕೂತು ಹಾಳೆ ಜೋಡಿಸುತ್ತಿದ್ದ. ಅಕ್ಕ ಕೆಲಸ ಮಾಡುವಾಗ ಕಾಗದ ಓದುವವಳಲ್ಲ. ಆದರೆ ಇದು ಅವಳ ಹೊಟ್ಟೆಯ ವಿಷಯ. ಒಂದೊಂದೇ ಹಾಳೆ ಗಾಜಿನ ಮೇಲಿಡುತ್ತಾ ಗಟ್ಟಿಯಾಗಿ ಓದಿದಳು.

ಆ ಬಟ್ಟೆ ನಮ್ಮದಲ್ಲ, ನಮ್ಮ ಮಾಪುಗಳ ಮೇಲೆ ಯಾವುದೇ ದಾರದ ಗುರುತು ಇರುವುದಿಲ್ಲ ಅಂತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಬೇರೆ ಕಡೆ ಈಕೆಗೆ ಕೊಯ್ದು ಹೆರಿಗೆ ಮಾಡಿಸಿದ್ದು, ಬಟ್ಟೆ ಆ ಕಾಲದ್ದಿರಬಹುದು ಅಂತಿತ್ತು. "ಹಾಗಿದ್ರೆ ಮಗಳ ಜೊತೆ ಅದಕ್ಕೂ ಈಗ ವೋಟು ಬಂದಿರಬೇಕು," ಅಂದಳು ಅಕ್ಕ. ವಕೀಲರು ನಕ್ಕರು. ಇಸ್ತ್ರಿಯೂ ನಕ್ಕ. ಮುಂದಿನ ಹಾಳೆ ಏನೆಂದು ಅವನಿಗೆ ಆ ಕ್ಷಣದಲ್ಲಿ ಹೊಳೆಯಿತು, ನಗು ಅರ್ಧಕ್ಕೇ ನಿಂತಿತು.

ಅಂದಿನ ಎಣಿಕೆಯಲ್ಲಿ ಒಂದು ಮಾಪು ಕಡಿಮೆ ಬಂದದ್ದು ನಿಜ, ಆದರೆ ಅದು ಲಾಂಡ್ರಿಯಲ್ಲಿ ಹಾಳಾಗಿದ್ದು, ಸಂಬಂಧಪಟ್ಟ ನೌಕರ, ಅಂದರೆ ದೂರುದಾರಳ ಸ್ವಂತ ತಮ್ಮ, ತಪ್ಪೊಪ್ಪಿಕೊಂಡಿದ್ದಾನೆ, ಪತ್ರ ಲಗತ್ತಿಸಿದೆ.

ಅಕ್ಕ ಲಗತ್ತಿಸಿದ ಪತ್ರವನ್ನು ಗಾಜಿನ ಮೇಲಿಟ್ಟಳು. ಆ ಅಕ್ಷರ ಅವಳೇ ಕೈಹಿಡಿದು ತಿದ್ದಿಸಿದ್ದು. ಮುಚ್ಚಳ ಮುಚ್ಚಿ ಗುಂಡಿ ಒತ್ತಿದಳು. ಬೆಳಕು ಒಂದು ಸಲ ಹೋಗಿ ಬಂತು. ಬಿಸಿ ಬಿಸಿ ಹಾಳೆ ಹೊರಗೆ ಬಿತ್ತು. ಎರಡು, ಮೂರು, ನಾಲ್ಕು. ಐದನೆಯದನ್ನು ತೆಗೆದು ಮಡಿಸಿ ಡ್ರಾಯರಿಗೆ ಹಾಕಿಕೊಂಡಳು. ವಕೀಲರು ಪರಿಸ್ಥಿತಿ ನೋಡಿ, ಟೀ ಕುಡಿದು ಬರ್ತೀನಿ ಅಂತ ಎದ್ದರು. ಸ್ಟೇಪ್ಲರ್ ಕೇಳುವುದನ್ನೂ ಮರೆತು ಹೋದರು.

"ಇದನ್ನ ಬರೆಯೋವಾಗ ನಾನೆಲ್ಲಿದ್ದೆ?"

"ಮೂರನೇ ಮಹಡಿ. ಹನ್ನೊಂದನೇ ಬೆಡ್ಡು."

"ನೀನು?"

"ಹೊರಗೆ. ಮೆಟ್ಟಿಲ ಮೇಲೆ."

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಹಾಳೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ, "ತಾವು ದೊಡ್ಡವರು ಅಂತ ಬರೆದಿದ್ದೀಯ ಅವರಿಗೆ. ಹೊಟ್ಟೆಗೆ ಹಾಕಿಕೊಂಡಿದ್ದು ಮಾತ್ರ ನಾನು," ಅಂದಳು. ಆಮೇಲೆ, ನಿನಗೆ ಹೀಗೆ ಮಾಡು ಹಾಗೆ ಮಾಡು ಅಂತ ನಾನು ಹೇಳೋದಿಲ್ಲ, ಬರೆದವನು ನೀನು, ಅಳಿಸೋದೋ ಇಟ್ಟುಕೊಳ್ಳೋದೋ ನೀನೇ ನೋಡು ಅಂತ ಹೇಳಿ ಕಾಯುತ್ತಿದ್ದ ಗಿರಾಕಿಯ ಕಾಗದ ಇಸಕೊಂಡಳು.

ಮರುದಿನವೇ ಇಸ್ತ್ರಿಗೆ ಮೇಲಿನಿಂದ ಕರೆ ಬಂತು. ಆಡಳಿತಾಧಿಕಾರಿಯ ಕೋಣೆಗೆ ಅವನು ಕಾಲಿಟ್ಟಿದ್ದು ಅದೇ ಮೊದಲು. ಇಷ್ಟು ದಿನ ಆ ಕೋಣೆಯ ಪರದೆಗಳಿಗೆ ಮಾತ್ರ ಅವನ ಪರಿಚಯವಿತ್ತು. ಗೋಡೆಯ ಮೇಲೆ 'ರೋಗಿಯ ಸುರಕ್ಷತೆಯೇ ನಮ್ಮ ಉಸಿರು' ಅಂತ ಗಾಜು ಹಾಕಿಸಿದ ಫಲಕ. ಅಧಿಕಾರಿ ಕೂರಿಸಿ ಟೀ ತರಿಸಿದರು. ನಿಮ್ಮಕ್ಕ ನಮಗೂ ಅಕ್ಕ ಇದ್ದ ಹಾಗೆ ಅಂದರು. ಲಾಂಡ್ರಿಗೆ ಒಬ್ಬ ಮೇಲ್ವಿಚಾರಕ ಬೇಕು ಅಂತ ಬಹಳ ದಿನದಿಂದ ಯೋಚನೆಯಿತ್ತು, ತಿರುಗುವ ಕುರ್ಚಿ ಕೊಡಿಸೋಣ, ಬಾಗಿಲಿಗೆ ಹೆಸರಿನ ಹಲಗೆ ಹಾಕಿಸೋಣ ಅಂದರು. ಆಯೋಗದಲ್ಲಿ ಅವನು ಆಸ್ಪತ್ರೆಯ ಕಡೆಯ ಸಾಕ್ಷಿ.

"ನೀವು ಸುಳ್ಳು ಹೇಳಬೇಕು ಅಂತ ನಾವು ಯಾವತ್ತೂ ಹೇಳೋದಿಲ್ಲ. ಬರೆದಿದ್ದನ್ನ ಓದಿದ್ರೆ ಸಾಕು."

"ಬರೆದಿದ್ದನ್ನೆಲ್ಲ ಓದ್ತೀನಿ ಸರ್," ಅಂದ ಇಸ್ತ್ರಿ. ಅಧಿಕಾರಿಗೆ ಬಹಳ ಸಂತೋಷವಾಯಿತು. ಎರಡನೇ ಟೀ ತರಿಸಿದರು.

ಅವನು ಕೆಳಗೆ ಬಂದು ಟೇಬಲ್ಲಿನ ಕಂಬಳಿ ಎತ್ತಿದ. ಹದಿಮೂರು ಮೆಮೊ, ಒಂದೂ ಸುಕ್ಕಿಲ್ಲದೆ ಮಲಗಿದ್ದವು. ಕೊನೆಯದನ್ನು ಮೊಟ್ಟಮೊದಲ ಬಾರಿಗೆ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದ. ಓದಿ ಮುಗಿಸಿ, ಮಷೀನಿನ ಬಾಗಿಲನ್ನು ಕಾಲಿನಿಂದ ಒದ್ದ. ಬಾಗಿಲಿನ ಹಿಡಿ ಕಿತ್ತು ಬಂತು. ಕಸುಬಿಗೆ ಬಂದ ಮೇಲೆ ಅವನು ನಿಜವಾಗಿ ಹಾಳುಮಾಡಿದ ವಸ್ತು ಅದೊಂದೇ. ಅದಕ್ಕೆ ಮೆಮೊ ಬರಲೇ ಇಲ್ಲ.

ಆಯೋಗ ಅಂದರೆ ಹಳೇ ಕಟ್ಟಡದ ಎರಡನೇ ಮಹಡಿಯ ಒಂದು ಕೋಣೆ. ಎತ್ತರದ ಮೇಜಿನ ಹಿಂದೆ ಮೂರು ಕುರ್ಚಿ, ಅದರಲ್ಲೊಂದು ಎಷ್ಟೋ ತಿಂಗಳಿಂದ ಖಾಲಿ. ಮಧ್ಯದಲ್ಲಿ ಕೂತ ಅಧ್ಯಕ್ಷೆಗೆ ಕೆಮ್ಮು. ಬಾಯಲ್ಲಿ ಒಂದು ಮಾತ್ರೆ ಚೀಪುತ್ತಾ, ಬೆಳಿಗ್ಗೆಯಿಂದ ಕೇಳಿದ ಸುಳ್ಳುಗಳಿಂದ ಕಣ್ಣು ಕೆಂಪಾಗಿಸಿಕೊಂಡಿದ್ದರು. ಅಕ್ಕ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಆಸ್ಪತ್ರೆಯ ಕಡೆಗೆ ಬೆಳ್ಳಿ ಪೆನ್ನಿನ ಒಬ್ಬ ದೊಡ್ಡ ವಕೀಲರು. ದೊಡ್ಡ ಡಾಕ್ಟರು ಬಂದಿರಲಿಲ್ಲ, ಅವರಿಗೆ ಅವತ್ತು ಆಪರೇಷನ್ ಇತ್ತು.

ಬೆಳ್ಳಿ ಪೆನ್ನಿನವರು ಮೊದಲು ಬಟ್ಟೆಯ ವಿಷಯ ಮುಗಿಸಿಬಿಡೋಣ ಅಂತ ಥಿಯೇಟರಿನ ಕಪಾಟಿನಿಂದ ನೇರವಾಗಿ ತರಿಸಿದ ಐದು ಮಾಪುಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ನೋಡಿ ಮೇಡಂ, ಅಚ್ಚ ಬಿಳಿ, ಯಾವ ಗುರುತೂ ಇಲ್ಲ ಅಂದರು. ಅಧ್ಯಕ್ಷೆ ಒಂದನ್ನು ಬಿಡಿಸಿದರು. ಮೂಲೆ ತಿರುವಿದರು. ಇನ್ನೊಂದನ್ನು ಬಿಡಿಸಿದರು. ಐದನ್ನೂ ಬಿಡಿಸಿ ಸಾಲಾಗಿ ಹಾಸಿ, ಪಕ್ಕದಲ್ಲಿ ಗಾಜಿನ ಡಬ್ಬಿ ಇಟ್ಟರು. ಆರು ಕೆಂಪು ಕತ್ತರಿಗೆರೆ.

ಬೆಳ್ಳಿ ಪೆನ್ನಿನವರು ಬಗ್ಗಿ ನೋಡಿದರು. ಹಿಂದೆ ತಿರುಗಿ ಆಡಳಿತಾಧಿಕಾರಿಯನ್ನು ನೋಡಿದರು. ಅಧಿಕಾರಿ ತಮ್ಮ ಬಟ್ಟೆಗಳನ್ನು ಹುಟ್ಟಿದ ಮೇಲೆ ಮೊದಲ ಸಲ ನೋಡುತ್ತಿದ್ದವರ ಹಾಗೆ ನೋಡುತ್ತಿದ್ದರು. ಆದರೂ ದೊಡ್ಡ ವಕೀಲರು ಅಂದರೆ ದೊಡ್ಡ ವಕೀಲರೇ. ಗುರುತು ಹಾಕಿದ್ದು ಆಸ್ಪತ್ರೆಯಲ್ಲ, ಸಾಕ್ಷಿಯೇ ಕದ್ದುಮುಚ್ಚಿ ಹಾಕಿದ್ದಾನೆ, ಇವನು ಏನು ಬೇಕಾದರೂ ಮಾಡುವವನು ಅಂತ ದಾರಿ ಬದಲಿಸಿ, ತಪ್ಪೊಪ್ಪಿಗೆ ಪತ್ರವನ್ನು ಅವನ ಮುಖದ ಮುಂದೆ ಹಿಡಿದರು.

"ಇದು ನಿನ್ನ ಕೈಬರಹ ತಾನೇ?"

"ಹೌದು ಸರ್."

"ಯಾರಾದ್ರೂ ಹೊಡೆದು ಬರೆಸಿದ್ರಾ?"

"ಇಲ್ಲ."

"ಅಂದ್ಮೇಲೆ ಇದು ಸತ್ಯ."

"ಅಲ್ಲ ಸರ್. ಅಭ್ಯಾಸ."

ಅಧ್ಯಕ್ಷೆ ಮಾತ್ರೆ ಚೀಪುವುದನ್ನು ನಿಲ್ಲಿಸಿದರು. ಏನಪ್ಪಾ ಹಾಗಂದರೆ ಅಂತ ಕೇಳಿದರು. ಇಸ್ತ್ರಿ ಅಂಗಿಯೊಳಗಿನಿಂದ ಮೆಮೊಗಳ ಕಟ್ಟು ತೆಗೆದ. ಸಾಹೇಬರು ಬರೆದಿದ್ದನ್ನ ಓದು ಅಂದಿದ್ದಾರೆ ಮೇಡಂ, ಓದ್ತೀನಿ ಅಂದ. ಬೆಳ್ಳಿ ಪೆನ್ನಿನವರು ಆಕ್ಷೇಪ ಎತ್ತಿದರು. ನಿಮ್ಮದೇ ಸಾಕ್ಷಿ ಅಲ್ವೇನ್ರೀ, ಓದಲಿ ಬಿಡಿ ಅಂದರು ಅಧ್ಯಕ್ಷೆ.

ಅವನು ಒಂದೊಂದೇ ಮೆಮೊ ಓದಿ, ಅದಕ್ಕೆ ತಾನು ಏನು ಬರೆದುಕೊಟ್ಟಿದ್ದೆನೆಂದೂ ಹೇಳಿದ. ಎರಡನೇ ಮತ್ತು ಮೂರನೇ ಮಹಡಿಯ ನಡುವೆ ಲಿಫ್ಟು ನಿಂತದ್ದಕ್ಕೆ, ತನ್ನ ತಳ್ಳುಗಾಡಿ ಭಾರವಾಗಿತ್ತೆಂದು ಕ್ಷಮೆ; ಗಾಡಿ ಆಗ ನೆಲಮಾಳಿಗೆಯಲ್ಲಿತ್ತು. ಹೊಸ ವಾರ್ಡಿನ ಉದ್ಘಾಟನೆಯಲ್ಲಿ ಕತ್ತರಿ ಮೊಂಡಾಗಿ ಟೇಪು ಕತ್ತರಿಸದೆ ಅತಿಥಿಗಳು ಹಲ್ಲಿನಿಂದ ಹರಿದದ್ದಕ್ಕೆ ಕ್ಷಮೆ. ಗಾಳಿಗೆ ಕಿಟಕಿಯ ಗಾಜು ಒಡೆದದ್ದಕ್ಕೆ ಕ್ಷಮೆ. ಅವತ್ತು ಅವನು ಜ್ವರ ಬಂದು ರಜೆಯಲ್ಲಿದ್ದ. ಇಡೀ ಬೀದಿಗೆ ಕರೆಂಟು ಹೋದದ್ದಕ್ಕೆ ಕ್ಷಮೆ. ಬೆಂಚಿನಲ್ಲಿದ್ದವರು ನಗಲು ಶುರುಮಾಡಿದರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ಬಾಗಿಲ ಪೇದೆಯೂ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಇಸ್ತ್ರಿ ನಗಲಿಲ್ಲ. ಅಕ್ಕನೂ ನಗಲಿಲ್ಲ.

ಹದಿಮೂರನೆಯದು ಉಳಿಯಿತು. ಅದನ್ನು ಓದದೆ ಅಧ್ಯಕ್ಷೆಯ ಕೈಗೇ ಕೊಟ್ಟ. ಅವರು ಓದಿದರು. ಆಮೇಲೆ ಆಸ್ಪತ್ರೆಯ ಫೈಲು ತರಿಸಿ ಎರಡನ್ನೂ ಪಕ್ಕ ಪಕ್ಕ ಇಟ್ಟರು.

"ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಎರಡನೇ ಥಿಯೇಟರಿನ ಎಣಿಕೆಯಲ್ಲಿ ಮಾಪು ಒಂದು ಕಡಿಮೆ ಬಂದಿದ್ದು, ಲಾಂಡ್ರಿಯಲ್ಲಿ ಹುಡುಕುವಂತೆ ವೈದ್ಯರು ಸೂಚಿಸಿದ್ದಾರೆ. ಇದು ನಿಮ್ಮ ಮೆಮೊ. ಹನ್ನೊಂದೂ ಐವತ್ತಕ್ಕೆ ಅದೇ ಥಿಯೇಟರಿನಲ್ಲಿ ಈಕೆಯ ಹೊಟ್ಟೆ ಮುಚ್ಚಲಾಯಿತು, ಎಣಿಕೆ ಸರಿಯಿದೆ. ಇದು ನಿಮ್ಮ ಫೈಲು." ಅವರು ಕನ್ನಡಕ ತೆಗೆದರು. "ಆ ಅರ್ಧ ಗಂಟೆ ಹೊಟ್ಟೆ ತೆರೆದೇ ಇತ್ತು. ನಿಮ್ಮ ಡಾಕ್ಟರು ಎಲ್ಲಿ ಹುಡುಕ್ತಾ ಇದ್ರು?"

ಬೆಳ್ಳಿ ಪೆನ್ನಿನವರು ಕಾಗದ ತಿರುವಿ ಹಾಕಿ, ಏನಾದರೂ ಹೇಳಲೇಬೇಕಲ್ಲ ಅಂತ, "ಲಾಂಡ್ರಿಯಲ್ಲಿ, ಮೇಡಂ," ಅಂದರು.

ಈ ಸಲ ಯಾರೂ ನಗಲಿಲ್ಲ.

ಥಿಯೇಟರಿನ ಬಟ್ಟೆ ಕೆಳಗೆ ಎಷ್ಟು ಗಂಟೆಗೆ ಬರುತ್ತದೆ ಅಂತ ಅಧ್ಯಕ್ಷೆ ಇಸ್ತ್ರಿಯನ್ನು ಕೇಳಿದರು. ಎರಡಕ್ಕೆ ಅಂದ. ಹಾಗಾದರೆ ನಿನ್ನ ಪತ್ರ ಸುಳ್ಳು ಅಂದರು. ಹೌದು ಮೇಡಂ, ಸುಳ್ಳು, ನಾನೇ ಬರೆದಿದ್ದು, ಅಕ್ಕ ಒಳಗೆ ಮಲಗಿದ್ದಾಗ ಬರೆದಿದ್ದು ಅಂದ. ಅಷ್ಟು ಹೇಳಿ ಬೆಂಚಿನ ಕಡೆ ನೋಡಿದ. ಅಕ್ಕ ಅವನನ್ನು ನೋಡುತ್ತಿರಲಿಲ್ಲ. ಗಾಜಿನ ಡಬ್ಬಿಯನ್ನು ನೋಡುತ್ತಿದ್ದಳು. ಆದರೆ ಪಕ್ಕದಲ್ಲಿಟ್ಟಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅವನಿಗೆ ಕೂರಲು ಜಾಗ ಮಾಡಿದ್ದಳು.

ಆರು ವಾರಕ್ಕೆ ಆದೇಶ ಬಂತು. ಆಸ್ಪತ್ರೆಯದ್ದೂ ಡಾಕ್ಟರದ್ದೂ ನಿರ್ಲಕ್ಷ್ಯ, ಪರಿಹಾರ ಕೊಡತಕ್ಕದ್ದು. ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು: ಈ ಆಸ್ಪತ್ರೆಯಲ್ಲಿ ಕ್ಷಮೆ ಕೇಳುವ ಕೆಲಸವನ್ನು ಇಷ್ಟು ವರ್ಷ ಒಬ್ಬನೇ ಮಾಡಿದ್ದಾನೆ, ಇನ್ನು ಮೂವತ್ತು ದಿನದೊಳಗೆ ಶಸ್ತ್ರವೈದ್ಯರು ಸ್ವಂತ ಕೈಬರಹದಲ್ಲಿ ದೂರುದಾರಳಿಗೆ ಕ್ಷಮಾಪಣೆ ಪತ್ರ ಕೊಡತಕ್ಕದ್ದು. ಸ್ಟೇಪ್ಲರ್ ವಕೀಲರು ಆ ಸಾಲನ್ನು ಮೂರು ಸಲ ಓದಿ, ತಮ್ಮ ಮೂವತ್ತು ವರ್ಷದ ಕಸುಬಿನಲ್ಲಿ ಇಂಥದ್ದು ಕಂಡಿಲ್ಲ ಅಂದರು.

ಅಷ್ಟರಲ್ಲಿ ಇಸ್ತ್ರಿಗೆ ಹದಿನಾಲ್ಕನೇ ಮೆಮೊ ಬಂದಿತ್ತು: ಅನುಮತಿಯಿಲ್ಲದೆ ಆಸ್ಪತ್ರೆಯ ಬಟ್ಟೆಗೆ ದಾರ ಹಾಕಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಅವನು ಅದನ್ನು ಇಸ್ತ್ರಿ ಮಾಡಿ ಕಟ್ಟಿಗೆ ಸೇರಿಸಿದ, ಉತ್ತರ ಬರೆಯಲಿಲ್ಲ. ಕೆಲಸದಿಂದ ತೆಗೆದರು. ಸ್ಟೇಪ್ಲರ್ ವಕೀಲರು ಅದಕ್ಕೂ ಒಂದು ಅರ್ಜಿ ಹಾಕಿದ್ದಾರೆ, ಅದು ಬೇರೆ ಕೋರ್ಟು, ಬೇರೆ ಮಹಡಿ. ಈಗ ಅವನು ಅಕ್ಕನ ಅಂಗಡಿಯಲ್ಲೇ ಇದ್ದಾನೆ. ಒಂದು ಮೂಲೆಯಲ್ಲಿ ಟೇಬಲ್ಲು ಹಾಕಿಕೊಂಡು ಬಂದವರಿಗೆ ದೂರು ಬರೆದುಕೊಡುತ್ತಾನೆ. ಅಳುವ ಹಾಗೆ ಬರೆಯೋದಿಲ್ಲ.

ಆದೇಶ ಬಂದ ಇಪ್ಪತ್ತೆರಡನೇ ದಿನ ಬೆಳಿಗ್ಗೆ ಹತ್ತಕ್ಕೆ ಗುಮಾಸ್ತ ಬಂದ. ಹತ್ತೂ ಐದಕ್ಕೆ ಅಂತ ಅವನೇ ಗಡಿಯಾರ ನೋಡಿ ಸರಿಪಡಿಸಿದ. ಕೈಯಲ್ಲಿ ಖಾಲಿ ಹಾಳೆಗಳ ಒಂದು ಕವರು. ಹೇಗಿದ್ದೀಯ, ಅಕ್ಕನ ಆರೋಗ್ಯ ಹೇಗಿದೆ ಅಂತ ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದ. ದೊಡ್ಡ ಡಾಕ್ಟರು ಹದಿನೈದು ದಿನದಿಂದ ಕೂತಿದ್ದಾರೆ, ಒಂದು ಸಾಲೂ ಬರುತ್ತಿಲ್ಲ. ಆಡಳಿತಾಧಿಕಾರಿ ಒಂದು ಬರೆದರು, ಅದು ಮೆಮೊ ಆಯಿತು. ಬೆಳ್ಳಿ ಪೆನ್ನಿನವರು ಬರೆದದ್ದರಲ್ಲಿ ತಪ್ಪು ಅನ್ನುವ ಮಾತೇ ಇರಲಿಲ್ಲ.

"ಅವರಿಗೆ ಅಭ್ಯಾಸ ಇಲ್ಲ ನೋಡಪ್ಪ. ನೀನು ಒಂದು ಬರೆದುಕೊಟ್ರೆ ಅವರು ನೋಡಿಕೊಂಡು ಕಾಪಿ ಮಾಡ್ತಾರೆ. ಹಳೇ ಸ್ನೇಹ, ಇಲ್ಲ ಅನ್ನಬೇಡ."

ಇಸ್ತ್ರಿಯ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು. ಅಷ್ಟು ವರ್ಷದ ರೂಢಿ. ಮೊದಲ ಸಾಲು, ಎರಡನೇ ಸಾಲು, ಕೊನೆಯ ಸಾಲು ಎಲ್ಲಾ ಬೆರಳ ತುದಿಗೆ ಬಂದು ನಿಂತವು. ಅವನು ತನ್ನ ಕೈಯನ್ನೇ ಪರಕೀಯರ ಕೈಯ ಹಾಗೆ ನೋಡಿದ. ಪೆನ್ನನ್ನು ಎತ್ತಿ ಗುಮಾಸ್ತನ ಜೇಬಿಗೆ ಸಿಕ್ಕಿಸಿದ.

"ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕೂರೋಕೆ ಹೇಳಿ. ಗೋಡೆಯ ಕಡೆ. ಬೆಳಕು ಚೆನ್ನಾಗಿದೆ ಅಲ್ಲಿ."

ಗುಮಾಸ್ತ ಅದನ್ನು ನಿಜವಾಗಿಯೂ ಹಾಳೆಯ ಮೇಲೆ ಬರೆದುಕೊಂಡ. ಆಮೇಲೆ ಏನು ಬರೀಬೇಕು ಅಂತ ಕೇಳಿದ.

"ಆಮೇಲೆ ಏನು ನಡೀತೋ ಅದು."

ಗುಮಾಸ್ತ ಅರ್ಥವಾಗದೆ ಅಕ್ಕನ ಕಡೆ ತಿರುಗಿದ. ಹೇಗಾದರೂ ಮಾಡಿ ಕಾಪಿಯಾದರೂ ಸಿಗುತ್ತಾ ಅಕ್ಕಾ, ಇವನದ್ದು ಹಳೇದು ಯಾವುದಾದರೂ ಇದ್ದರೂ ಸಾಕು ಅಂತ ಗೋಗರೆದ. ಅಕ್ಕ ಡ್ರಾಯರನ್ನು ಒಂದು ಸಲ ಮುಟ್ಟಿ ನೋಡಿ, ಕೀಲಿ ತಿರುಗಿಸಿ ಸೆರಗಿಗೆ ಕಟ್ಟಿಕೊಂಡಳು.

"ಒರಿಜಿನಲ್ ತರೋಕೆ ಹೇಳಪ್ಪ," ಅಂದಳು. "ಇನ್ನೂ ಎಂಟು ದಿನ ಇದೆ. ಅಂಗಡಿ ತೆಗೆದೇ ಇರುತ್ತೆ."